ಹಸಿ ಕಾಳು, ಬೆಂದ ಕಾಳು, ಹೊಟ್ಟೆಯುಬ್ಬರ



ಈ ಸಂಚಿಕೆಯ ಪಾಠ ಹೊಲದ್ದಲ್ಲ, ಹೊಟ್ಟೆಯದು. ಕಾಳು ಬೆಳೆಯುವುದನ್ನು ಕುರಿತು ನಾನು ನಿಮಗೆ ಎಷ್ಟೋ ಸಲ ಹೇಳಿದ್ದೇನೆ. ಬೆಳೆದ ಕಾಳನ್ನು ತಿನ್ನುವುದನ್ನು ಕುರಿತು ಹೇಳಿದ್ದು ಒಂದೇ ಸಲ. ಅದನ್ನೂ ಅರ್ಧ ತಪ್ಪಾಗಿ ಹೇಳಿದೆ. ಆ ತಪ್ಪನ್ನು ತಿದ್ದುವುದಕ್ಕೆಂದೇ ಇದನ್ನು ಬರೆಯುತ್ತಿದ್ದೇನೆ.

ಹೋದ ವರ್ಷ ಸುಗ್ಗಿ ಮುಗಿದ ಮೇಲೆ ನಮ್ಮ ಬ್ಲಾಕಿನ ಒಂದು ಹಳ್ಳಿಯ ಚಾವಡಿಯಲ್ಲಿ ಮೊಳಕೆ ಕಾಳಿನ ಪ್ರಾತ್ಯಕ್ಷಿಕೆ ನಡೆಸಿದೆ. ಹೆಸರು, ಕಡಲೆ, ಅಲಸಂದೆ, ಹುರಳಿ, ಹೀಗೆ ನಾಲ್ಕು ಬಟ್ಟೆಗಂಟುಗಳನ್ನು ಬಿಚ್ಚಿ ತೋರಿಸಿ, ಬಂದವರಿಗೆಲ್ಲ ಒಂದೊಂದು ಹಿಡಿ ಹಂಚಿದೆ. “ಬೇಯಿಸಬೇಡಿ, ಹಸಿಯಾಗಿಯೇ ತಿನ್ನಿ, ಬೇಯಿಸಿದರೆ ಸತ್ವವೆಲ್ಲ ಹೋಗುತ್ತದೆ” ಎಂದು ಧೈರ್ಯವಾಗಿ ಹೇಳಿದೆ. ನನ್ನ ಡಿಪ್ಲೊಮಾ ಕಾಳು ಬೆಳೆಯುವುದರಲ್ಲಿ ಆದದ್ದೇ ಹೊರತು ಉಣ್ಣುವುದರಲ್ಲಿ ಆದದ್ದಲ್ಲ ಎಂಬುದನ್ನು ಆ ಹೊತ್ತಿಗೆ ಮರೆತಿದ್ದೆ.

ಸಭೆಯಲ್ಲಿ ಐವತ್ತು ದಾಟಿದ ಒಬ್ಬ ಯಜಮಾನರಿದ್ದರು. ಮೂರೂವರೆ ಎಕರೆ ಖುಷ್ಕಿ, ಒಂದು ಜೊತೆ ಎತ್ತು, ಮಾತಿಗೆ ತಪ್ಪದ ಮನುಷ್ಯರು. ಅವರು ಅದಕ್ಕೆ ಮೊದಲೇ ಪಟ್ಟಣದಲ್ಲಿ ಪ್ರಕೃತಿ ಚಿಕಿತ್ಸೆಯ ಶಿಬಿರವೊಂದಕ್ಕೆ ಹೋಗಿ ಬಂದು, ಬೆಂಕಿ ಕಂಡ ಆಹಾರ ಬೇಡವೆಂದು ನಿಶ್ಚಯಿಸಿದ್ದರು. ಹಾಲು, ಮೊಸರು, ತುಪ್ಪವೂ ಬೇಡ. ಅದು ಕರುವಿನ ಪಾಲು ಎಂಬುದು ಅವರ ಮನಸ್ಸಿನ ಮಾತು. ನನ್ನ ಪ್ರಾತ್ಯಕ್ಷಿಕೆ ಅವರ ನಿಶ್ಚಯಕ್ಕೆ ಸರ್ಕಾರದ ಮೊಹರು ಒತ್ತಿದಂತಾಯಿತು. ಬೆಳಿಗ್ಗೆ ಎರಡು ಹಿಡಿ ಹಸಿ ಹುರಳಿ ಮೊಳಕೆ, ಮಧ್ಯಾಹ್ನ ಸೌತೆ, ಮೂಲಂಗಿ, ತೆಂಗಿನಕಾಯಿ, ಸಂಜೆ ಹಣ್ಣು ಮತ್ತು ಒಂದು ಹಿಡಿ ಕಡಲೆಕಾಯಿ ಬೀಜ, ಇದೇ ಊಟವಾಯಿತು. ಆಗಾಗ ನೆನೆಸಿದ ಅವಲಕ್ಕಿಯನ್ನೂ ತಿನ್ನುತ್ತಿದ್ದರಂತೆ. ಅವಲಕ್ಕಿ ಹಸಿಯಲ್ಲ, ಭತ್ತವನ್ನು ಬಿಸಿನೀರಲ್ಲಿ ನೆನೆಸಿ ಹುರಿದು ಕುಟ್ಟಿದ್ದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ, ಅವರ ಹೊಟ್ಟೆಗೆ ಸರಿಯಾಗಿ ಹೋಗುತ್ತಿದ್ದುದು ಅದೊಂದೇ ಇರಬೇಕು.

ನಾಲ್ಕು ತಿಂಗಳ ಮೇಲೆ ಅವರ ಮನೆಗೆ ಹೋದಾಗ ಗುರುತು ಸಿಕ್ಕುವುದು ಕಷ್ಟವಾಯಿತು. ಅರವತ್ತೆರಡು ಕಿಲೋ ಇದ್ದವರು ಐವತ್ತೈದಕ್ಕೆ ಇಳಿದಿದ್ದರು. ಮೈ ಸಣ್ಣಗಾಗಿ ಹೊಟ್ಟೆ ಮಾತ್ರ ತಮಟೆಯಂತೆ ಬಿಗಿದಿತ್ತು. ಅವರ ಹೆಂಡತಿ ನನ್ನ ಮುಂದೆ ನೀರಿನ ಚೊಂಬು ಇಟ್ಟು ಒಂದೇ ಮಾತು ಹೇಳಿದರು: “ಎತ್ತಿಗೆ ಹುರಳಿ ಬೇಯಿಸಿ ಇಡ್ತೀವಿ ಸ್ವಾಮಿ, ಇವರು ಹಸೀದು ತಿಂತಾರೆ. ನೀವೇ ಹೇಳಿದ್ರಂತಲ್ಲ?”

ನನಗೆ ಉತ್ತರವಿರಲಿಲ್ಲ.

ಅದಕ್ಕಿಂತ ನನ್ನನ್ನು ಹೆದರಿಸಿದ್ದು ಬೇರೊಂದು. ಅಡಿಗೆಮನೆಯ ಬಾಗಿಲಲ್ಲಿ ಏಳು ತಿಂಗಳ ಗರ್ಭಿಣಿ ಸೊಸೆ ನಿಂತಿದ್ದಳು. ಯಜಮಾನರ ಹೊಟ್ಟೆಯುಬ್ಬರ ಕಂಡು ಮನೆಯವರೆಲ್ಲ ಕಾಳೇ ವಾಯು, ಕಾಳೇ ವಿಷ ಎಂದು ತೀರ್ಮಾನಿಸಿ, ಆ ಹುಡುಗಿಗೂ ಕಾಳು ನಿಲ್ಲಿಸಿದ್ದರು. ಮುದ್ದೆ, ತಿಳಿಸಾರು, ಉಪ್ಪಿನಕಾಯಿ. ಅವಳ ಕೆನ್ನೆ ಬಿಳಿಚಿಕೊಂಡಿತ್ತು. ಒಬ್ಬರು ಕಾಳನ್ನು ತಪ್ಪಾಗಿ ತಿಂದದ್ದಕ್ಕೆ ಇನ್ನೊಬ್ಬಳು ಕಾಳೇ ಇಲ್ಲದೆ ಇರಬೇಕಾಯಿತು. ಅವಳ ಹೊಟ್ಟೆಯಲ್ಲಿದ್ದ ಕೂಸು ಮೈ ಕಟ್ಟಿಕೊಳ್ಳುವ ಕಾಲವೇ ಅದು.

ಎಷ್ಟು ಬೇಕು?

ಮೈಯಲ್ಲಿ ಮಾಂಸ, ರಕ್ತ, ಚರ್ಮ, ಕೂದಲು ಎಲ್ಲಕ್ಕೂ ಬೇಕಾದ ವಸ್ತು ಸಸಾರಜನಕ. ಪ್ರೋಟೀನ್ ಎಂದು ಈಗ ಎಲ್ಲರೂ ಕರೆಯುವುದು ಇದನ್ನೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಹೊರಡಿಸಿದ ಪಟ್ಟಿಯ ಪ್ರಕಾರ 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 54 ಗ್ರಾಂ, 55 ಕಿಲೋ ತೂಕದ ಹೆಂಗಸಿಗೆ ಸುಮಾರು 46 ಗ್ರಾಂ ಬೇಕು. ಗರ್ಭಿಣಿಗೆ ಕಡೆಯ ಮೂರು ತಿಂಗಳಲ್ಲಿ ಇದರ ಮೇಲೆ ಇನ್ನೂ 22 ಗ್ರಾಂ. ಇದು ಒಳ್ಳೆಯ ದರ್ಜೆಯ ಸಸಾರಜನಕದ ಲೆಕ್ಕ. ಬರೀ ರಾಗಿ, ಜೋಳ, ಅಕ್ಕಿಯ ಮೇಲೆ ಬಾಳುವ ನಮ್ಮಂಥವರು ಮೈತೂಕದ ಕಿಲೋ ಒಂದಕ್ಕೆ ಒಂದು ಗ್ರಾಂ ಎಂದಿಟ್ಟುಕೊಂಡರೆ ಲೆಕ್ಕ ಸುಲಭ, ಮೋಸವೂ ಇಲ್ಲ.

ಇನ್ನು ಯಾವುದರಲ್ಲಿ ಎಷ್ಟಿದೆ ನೋಡಿ. ನೂರು ಗ್ರಾಂ ರಾಗಿಯಲ್ಲಿ 7 ಗ್ರಾಂ. ಅಕ್ಕಿಯಲ್ಲೂ ಹೆಚ್ಚುಕಡಿಮೆ ಅಷ್ಟೆ. ಹೆಸರು, ಹುರಳಿ, ತೊಗರಿಬೇಳೆ ಇವುಗಳಲ್ಲಿ 22ರ ಆಸುಪಾಸು. ಕಡಲೆಯಲ್ಲಿ 19. ಕಡಲೆಕಾಯಿ ಬೀಜದಲ್ಲಿ 24. ಎಳ್ಳಿನಲ್ಲಿ 19. ಸೌತೆಕಾಯಿ, ಕಲ್ಲಂಗಡಿ, ಪರಂಗಿ ಇವುಗಳಲ್ಲಿ ನೂರು ಗ್ರಾಮಿಗೆ ಒಂದು ಗ್ರಾಂ ಕೂಡ ಇಲ್ಲ. ದೊಡ್ಡವರ ಒಂದು ಹಿಡಿ ಒಣಕಾಳು ತೂಗಿ ನೋಡಿದೆ, ಸುಮಾರು 40 ಗ್ರಾಂ ಬಂತು. ಎಂದರೆ ಹಿಡಿ ಕಾಳಿಗೆ 9 ಗ್ರಾಂ ಸಸಾರಜನಕ ಎಂದು ನೆನಪಿಟ್ಟುಕೊಳ್ಳಿ. ತಕ್ಕಡಿ ಬೇಕಾಗಿಲ್ಲ.

ಇಲ್ಲಿ ಒಂದು ಮೋಸವಿದೆ, ಎಚ್ಚರ. ಹಿಡಿಯನ್ನು ಒಣಕಾಳಿನಲ್ಲೇ ಅಳೆಯಬೇಕು. ಮೊಳಕೆ ಬಂದಾಗ ಕಾಳು ನೀರು ಕುಡಿದು ಎರಡರಷ್ಟು ತೂಗುತ್ತದೆ; ಸಸಾರಜನಕ ಮಾತ್ರ ಮೊದಲಿದ್ದಷ್ಟೇ. ಮೊಳಕೆ ಬರಿಸಿದರೆ ಸಸಾರಜನಕ ದುಪ್ಪಟ್ಟಾಗುತ್ತದೆ ಎಂದು ಹೇಳುವವರಿದ್ದಾರೆ. ಆಗುವುದಿಲ್ಲ. ಮೊಳಕೆಯಲ್ಲಿ ಹೊಸದಾಗಿ ಹುಟ್ಟುವುದು ಸಿ ಜೀವಸತ್ವ. ಅದು ಒಣಕಾಳಿನಲ್ಲಿ ಇಲ್ಲವೆಂದೇ ಹೇಳಬಹುದು.

ಯಜಮಾನರ ದಿನದ ಊಟವನ್ನು ಅವರ ಜಗುಲಿಯ ಮೇಲೆ ಕುಳಿತೇ ಲೆಕ್ಕ ಹಾಕಿದೆ. ಎರಡು ಹಿಡಿ ಮೊಳಕೆ ಎಂದರೆ ಒಣಕಾಳಿನ ಲೆಕ್ಕದಲ್ಲಿ ಒಂದು ಹಿಡಿ: 9 ಗ್ರಾಂ. ಕಡಲೆಕಾಯಿ ಬೀಜದಿಂದ 9, ತೆಂಗಿನಕಾಯಿ, ತರಕಾರಿ, ಹಣ್ಣು ಎಲ್ಲ ಸೇರಿ 6 ಅಥವಾ 7. ಮೊತ್ತ 25. ಬೇಕಾದ್ದರಲ್ಲಿ ಅರ್ಧವೂ ಇಲ್ಲ. ಅದರಲ್ಲೂ ಹಸಿ ಹುರಳಿಯ 9 ಗ್ರಾಂ ಪೂರ್ತಿ ಮೈಗೆ ಹತ್ತುವುದಿಲ್ಲ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಇದಕ್ಕಿಂತ ದೊಡ್ಡ ಕೊರತೆ ಶಕ್ತಿಯದು. ಅದೇ ಪಟ್ಟಿಯ ಪ್ರಕಾರ ಕಷ್ಟದ ಮೈಗೆಲಸ ಮಾಡುವ ಗಂಡಸಿಗೆ ದಿನಕ್ಕೆ ಸುಮಾರು 3,470 ಕ್ಯಾಲರಿ ಬೇಕು, ನಡುತರದ ಕೆಲಸಕ್ಕೆ 2,710. ಸೌತೆ ಮೂಲಂಗಿಯಿಂದ ಅದು ಎಲ್ಲಿ ಬರಬೇಕು? ಸೌದೆ ಮುಗಿದಾಗ ಮನೆಯ ತೊಲೆಯನ್ನೇ ಒಲೆಗೆ ಇಡುವ ಹಾಗೆ, ಶಕ್ತಿ ಸಾಲದಾದಾಗ ದೇಹವು ತಿಂದ ಸಸಾರಜನಕವನ್ನೂ ಆಮೇಲೆ ತನ್ನ ಮಾಂಸವನ್ನೂ ಸುಡುತ್ತದೆ. ಯಜಮಾನರ ಏಳು ಕಿಲೋ ಹೋದದ್ದು ಹೀಗೆ. ಮುದ್ದೆ ಉಣ್ಣುವವನು ಸ್ವಲ್ಪ ಕಾಳಿನಲ್ಲಿ ಸಂಭಾಳಿಸುವುದೂ ಇದೇ ಕಾರಣಕ್ಕೆ: ಮುದ್ದೆ ಸೌದೆಯಾಗುತ್ತದೆ, ಕಾಳು ತೊಲೆಯಾಗಿ ಉಳಿಯುತ್ತದೆ.

ಹೊಟ್ಟೆ ಏಕೆ ಉಬ್ಬುತ್ತದೆ?

ದನದ ಹೊಟ್ಟೆಯುಬ್ಬರ ನೀವೆಲ್ಲ ಕಂಡದ್ದೇ. ಒಣಹುಲ್ಲು ತಿನ್ನುತ್ತಿದ್ದ ಎತ್ತು ಮಳೆ ಬಿದ್ದ ಮಾರನೆಯ ದಿನ ಎಳೆಯ ಅಲಸಂದೆ ಬಳ್ಳಿಗೆ ಬಾಯಿ ಹಾಕಿ ಹೊಟ್ಟೆತುಂಬ ಮೇಯ್ದರೆ ಎಡಪಕ್ಕೆ ಡೋಲಿನಂತೆ ಉಬ್ಬುತ್ತದೆ. ಅದರ ಮೊದಲನೆಯ ಹೊಟ್ಟೆಯಲ್ಲಿ ಮೇವು ಹುಳಿತು ಗಾಳಿ ಹುಟ್ಟುತ್ತದೆ, ಹೊರಗೆ ಹೋಗಲು ದಾರಿ ಸಿಕ್ಕುವುದಿಲ್ಲ. ಮನುಷ್ಯನಲ್ಲಿ ಆ ಹುಳಿಯುವ ಗುಡಾಣ ಮುಂದುಗಡೆ ಇಲ್ಲ, ಹಿಂದುಗಡೆ ದೊಡ್ಡ ಕರುಳಿನಲ್ಲಿದೆ. ಕಾಳಿನಲ್ಲಿ ರಾಫಿನೋಸ್, ಸ್ಟಾಕಿಯೋಸ್ ಎಂಬ ಒಂದು ಬಗೆಯ ಸಕ್ಕರೆಗಳಿವೆ. ಇವನ್ನು ಮುರಿಯತಕ್ಕ ರಸ ನಮ್ಮ ಸಣ್ಣ ಕರುಳಿನಲ್ಲಿಲ್ಲ. ಹಾಗೆಯೇ ಜಾರಿಕೊಂಡು ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಸೂಕ್ಷ್ಮಜೀವಿಗಳು ಅವನ್ನು ಹುಳಿಸುತ್ತವೆ. ಗಾಳಿ ಹುಟ್ಟುವುದು ಆಗ. ಇದು ರೋಗವಲ್ಲ, ಕಾಳಿನ ಸ್ವಭಾವ. ಅದನ್ನು ತಗ್ಗಿಸುವ ಉಪಾಯಗಳಿವೆ.

ಆ ಸಕ್ಕರೆಯನ್ನು ಗಿಡ ನಮ್ಮನ್ನು ಕಾಡಿಸಲೆಂದು ಇಟ್ಟದ್ದಲ್ಲ. ಮೊಳಕೆಯ ಬುತ್ತಿಯಾಗಿ ಇಟ್ಟುಕೊಂಡದ್ದು. ಆದ್ದರಿಂದ ಕಾಳನ್ನು ನೆನೆಸಿದಾಗ ಅದರಲ್ಲಿ ಒಂದು ಭಾಗ ನೀರಿಗಿಳಿಯುತ್ತದೆ, ಮೊಳಕೆ ಹೊರಟಾಗ ಉಳಿದದ್ದರಲ್ಲಿ ಬಹುಪಾಲನ್ನು ಮೊಳಕೆಯೇ ತಿಂದುಬಿಡುತ್ತದೆ. ಮೊಳಕೆ ಬರಿಸುವುದರ ಮುಖ್ಯ ಲಾಭ ಇದು. ನಾನು ಚಾವಡಿಯಲ್ಲಿ ಹೇಳಿದ್ದರಲ್ಲಿ ಸರಿಯಾದ ಅರ್ಧವೂ ಇದೇ.

ತಪ್ಪಾದ ಅರ್ಧ ಈಗ ಹೇಳುತ್ತೇನೆ. ಹಸಿ ಕಾಳಿನಲ್ಲಿ ಸಕ್ಕರೆಯಲ್ಲದೆ ಇನ್ನೂ ಎರಡು ವಸ್ತುಗಳಿವೆ. ಒಂದು, ಸಸಾರಜನಕವನ್ನು ಅರಗಿಸುವ ನಮ್ಮ ಹೊಟ್ಟೆಯ ರಸಕ್ಕೆ ಅಡ್ಡಿ ಮಾಡತಕ್ಕದ್ದು. ಇನ್ನೊಂದು ಲೆಕ್ಟಿನ್, ಇದು ಕರುಳಿನ ಒಳಪದರಕ್ಕೆ ಅಂಟಿ ಕೆರಳಿಸತಕ್ಕದ್ದು. ಹುರಳಿಯ ಲೆಕ್ಟಿನ್ ಎಷ್ಟು ಚುರುಕೆಂದರೆ, ಎ ಗುಂಪಿನ ರಕ್ತದೊಳಗಿನ ಎರಡು ಭೇದಗಳನ್ನು ಬೇರ್ಪಡಿಸಿ ತಿಳಿಯಲು ರಕ್ತನಿಧಿಗಳಲ್ಲಿ ಅದನ್ನೇ ಬಳಸುತ್ತಾರೆ. ಒಂದು ಭೇದದ ರಕ್ತಕ್ಕೆ ಬಿದ್ದರೆ ರಕ್ತಕಣಗಳು ಗಂಟುಗಂಟಾಗುತ್ತವೆ. ಈ ಎರಡು ವಸ್ತುಗಳೂ ಮೊಳಕೆಯಿಂದ ಸ್ವಲ್ಪ ತಗ್ಗುತ್ತವೆ, ಪೂರ್ತಿ ಹೋಗುವುದಿಲ್ಲ. ಚೆನ್ನಾಗಿ ಕುದಿಸಿ ಬೇಯಿಸಿದರೆ ಮುರಿದು ಬೀಳುತ್ತವೆ. ಸಸಾರಜನಕ ಬೇಯಿಸಿದರೆ ನಾಶವಾಗುವುದಿಲ್ಲ. ಬದಲಾಗಿ ಹೆಚ್ಚು ಚೆನ್ನಾಗಿ ಅರಗುತ್ತದೆ. ನಷ್ಟವಾಗುವುದು ಸಿ ಜೀವಸತ್ವ. ಅದಕ್ಕೆ ಊಟದಲ್ಲಿ ನಿಂಬೆಹಣ್ಣು ಹಿಂಡಿಕೊಂಡರಾಯಿತು, ನೆಲ್ಲಿಕಾಯಿ ಇದ್ದರೆ ಇನ್ನೂ ಲೇಸು.

ಎತ್ತಿಗೆ ಹುರಳಿ ಬೇಯಿಸಿಡುವ ಆ ತಾಯಿ ನನ್ನ ಪುಸ್ತಕಕ್ಕಿಂತ ಮೊದಲೇ ಇದನ್ನು ತಿಳಿದಿದ್ದರು. ನಮ್ಮ ಹಿರಿಯರ ಅಡಿಗೆಯನ್ನು ನೋಡಿ: ಹಸಿಯಾಗಿ ತಿನ್ನಲು ಅವರು ಆರಿಸಿದ್ದು ಹೆಸರುಬೇಳೆ. ರಾಮನವಮಿಯ ಕೋಸಂಬರಿಗೆ ಸಿಪ್ಪೆ ತೆಗೆದ ಹೆಸರುಬೇಳೆ ನೆನೆಸಿ, ನೀರು ಬಸಿದು, ಸೌತೆ, ಕಾಯಿ, ನಿಂಬೆರಸ ಹಾಕುತ್ತಾರೆ. ಕೆಲವರು ಕಡಲೆಬೇಳೆಯಲ್ಲೂ ಮಾಡುವುದುಂಟು, ಅದು ಕೊಂಚ ಭಾರ. ಹುರಳಿಯ ಕೋಸಂಬರಿ, ಅವರೆಯ ಕೋಸಂಬರಿ ಯಾರ ಮನೆಯಲ್ಲಾದರೂ ಉಂಡಿದ್ದೀರಾ? ಹುರಳಿ ಬಸ್ಸಾರಿಗೆ, ಅವರೆ ಹಿದುಕಿ ಬೇಯಿಸುವುದಕ್ಕೆ. ಸುಮ್ಮನೆ ಬಂದ ಪದ್ಧತಿಯಲ್ಲ ಅದು.

ಆದುದರಿಂದ ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಹುರಳಿ, ಅವರೆ, ಅಲಸಂದೆ, ಸೋಯಾ ಇವನ್ನು ಮೊಳಕೆ ಬರಿಸಿದರೂ ಬೇಯಿಸಿಯೇ ತಿನ್ನಬೇಕು. ರಾಜ್ಮಾ ಕಾಳನ್ನಂತೂ, ಎಂದರೆ ಬೀನ್ಸಿನ ಒಣಬೀಜವನ್ನು, ಹಸಿಯಾಗಿ ಬಾಯಿಗೆ ಹಾಕಲೇಬಾರದು. ನಾಲ್ಕೈದು ಕಾಳಿಗೇ ವಾಂತಿ ಭೇದಿ ಆಗುವುದುಂಟು. ಬರೀ ಬಿಸಿನೀರಲ್ಲಿ ಇಟ್ಟರೆ ಸಾಲದು, ಕೊತಕೊತ ಕುದಿಯಬೇಕು. ಹಸಿಯಾಗಿ ತಿನ್ನಲು ಯೋಗ್ಯವಾದದ್ದು ಹೆಸರು. ಹೊಟ್ಟೆ ಒಗ್ಗಿದವರಿಗೆ ಸ್ವಲ್ಪ ಕಡಲೆ. ಮತ್ತು ನೆನೆಸಿದ ಕಡಲೆಕಾಯಿ ಬೀಜ. ಕಡಲೆಕಾಯಿ ಬೀಜದಲ್ಲಿ ಬೂಸ್ಟು ಹಿಡಿದದ್ದು, ಕಪ್ಪಗಾದದ್ದು, ಸುರುಟಿದ್ದು, ಕಹಿಯಾದದ್ದು ಕಂಡರೆ ಎಸೆಯಿರಿ. ಅಂಥದರಲ್ಲಿ ಈಲಿಯನ್ನು ಕೆಡಿಸುವ ವಿಷ ಸೇರಿರುತ್ತದೆ. ತೊಳೆದರೂ ಹುರಿದರೂ ಅದು ಹೋಗುವುದಿಲ್ಲ.

ಹೆಸರು ಮೊಳಕೆ ಮಾಡುವ ಕ್ರಮ

ಇದು ಎಲ್ಲರಿಗೂ ಗೊತ್ತಿರುವಂತೆ ಕಂಡರೂ ತಪ್ಪುಗಳು ಆಗುವುದು ಇಲ್ಲೇ. ಕಾಳನ್ನು ಆರಿಸಿ, ಎರಡು ಮೂರು ಸಲ ತೊಳೆದು, ಕಾಳಿನ ಮೂರರಷ್ಟು ನೀರಿನಲ್ಲಿ ರಾತ್ರಿಯೆಲ್ಲ ನೆನೆಯಹಾಕಿ. ಕುದಿಸಿ ಆರಿಸಿದ ನೀರಾದರೆ ಉತ್ತಮ. ಬೆಳಿಗ್ಗೆ ಆ ನೀರನ್ನು ಗಿಡಕ್ಕೆ ಸುರಿಯಿರಿ, ಸಾರಿಗೆ ಹಾಕಬೇಡಿ. ಉಬ್ಬರದ ಸಕ್ಕರೆ ಅದರಲ್ಲಿ ಇಳಿದಿರುತ್ತದೆ. ಮತ್ತೆ ತೊಳೆದು, ಕುದಿನೀರಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ ತೂಗುಹಾಕಿ. ಬಿಗಿಯಾಗಿ ಕಟ್ಟಿದರೆ ಒಳಗೆ ಬಿಸಿಯಾಗಿ ಹಳಸುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಮ್ಮೊಮ್ಮೆ ಗಂಟನ್ನು ನೀರಲ್ಲಿ ಅದ್ದಿ ಬಸಿಯಿರಿ. ಬೇಸಗೆಯಲ್ಲಿ ಒಂದು ದಿನಕ್ಕೆ, ಚಳಿಯಲ್ಲಿ ಎರಡು ದಿನಕ್ಕೆ ಅರ್ಧ ಅಂಗುಲ ಮೊಳಕೆ ಬರುತ್ತದೆ. ಲೋಳೆ ಬಂದರೆ ಅಥವಾ ಹುಳಿ ವಾಸನೆ ಹೊಡೆದರೆ ಎಮ್ಮೆಗೂ ಹಾಕದೆ ತಿಪ್ಪೆಗೆ ಹಾಕಿ.

ಶುಚಿಯ ವಿಷಯ ಇಷ್ಟು ಒತ್ತಿ ಹೇಳಲು ಕಾರಣವಿದೆ. ಮೊಳಕೆಗೆ ಬೇಕಾದ ಬೆಚ್ಚನೆಯ ತೇವವೇ ರೋಗಾಣುಗಳಿಗೂ ಬೇಕಾದದ್ದು. 2011ರಲ್ಲಿ ಜರ್ಮನಿ ದೇಶದಲ್ಲಿ ಹಸಿ ಮೆಂತ್ಯದ ಮೊಳಕೆಯಿಂದ ಹರಡಿದ ಬೇನೆಯಲ್ಲಿ ಸಾವಿರಾರು ಮಂದಿ ಮಲಗಿ ಐವತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅಷ್ಟು ನೀರು ನಿರ್ಮಲವಿರುವ ದೇಶದಲ್ಲಿ ಹಾಗಾಯಿತು. ನಮ್ಮ ಹಳ್ಳಿಗಳಲ್ಲಿ ಗರ್ಭಿಣಿಯರಿಗೆ, ಐದು ವರ್ಷದೊಳಗಿನ ಮಕ್ಕಳಿಗೆ, ಮುದುಕರಿಗೆ, ಕಾಯಿಲೆಯಿಂದ ಎದ್ದವರಿಗೆ ಹೆಸರು ಮೊಳಕೆಯನ್ನೂ ಹಬೆಯಲ್ಲಿ ಬೇಯಿಸಿಯೇ ಕೊಡತಕ್ಕದ್ದು.

ಹೊಟ್ಟೆಯನ್ನು ಒಗ್ಗಿಸುವುದು ಹೇಗೆಂದು ರೈತನಿಗೆ ಹೇಳಬೇಕಾಗಿಲ್ಲ. ಎತ್ತನ್ನು ಒಣಹುಲ್ಲಿನಿಂದ ಹಸಿಮೇವಿಗೆ ಒಮ್ಮೆಗೇ ತಿರುಗಿಸುತ್ತೀರಾ? ಮೊದಲು ಕೊಂಚ ಬೆರೆಸಿ, ದಿನದಿನಕ್ಕೆ ಹೆಚ್ಚಿಸುತ್ತೀರಿ. ಹಾಗೆಯೇ ಕಾಳು ತಿಂದು ಅಭ್ಯಾಸ ತಪ್ಪಿದವರು ಮೊದಲ ವಾರ ದಿನಕ್ಕೆ ಎರಡು ಚಮಚ, ಎರಡನೆಯ ವಾರ ಅರ್ಧ ಹಿಡಿ, ಮೂರನೆಯ ವಾರದ ಹೊತ್ತಿಗೆ ಒಂದು ಹಿಡಿ ಎಂದು ಏರಿಸಬೇಕು. ಕರುಳಿನ ಸೂಕ್ಷ್ಮಜೀವಿಗಳು ಹೊಸ ಮೇವಿಗೆ ಒಗ್ಗಲು ಅಷ್ಟು ಕಾಲ ಬೇಕು. ಚೆನ್ನಾಗಿ ಅಗಿಯಿರಿ, ಉಳುವ ಹೊತ್ತಿನಲ್ಲಿ ಬದುವಿನ ಮೇಲೆ ಕುಳಿತು ಗಬಗಬ ನುಂಗಿದರೆ ಕಾಳಿನ ಜೊತೆಗೆ ಗಾಳಿಯೂ ಒಳಗೆ ಹೋಗುತ್ತದೆ. ಒಂದೇ ಹೊತ್ತಿಗೆ ಮೊಳಕೆ, ಮೂಲಂಗಿ, ಹಸಿ ಈರುಳ್ಳಿ, ಎಲೆಕೋಸು, ಹಲಸಿನಹಣ್ಣು ಎಲ್ಲ ಸೇರಿಸಬೇಡಿ. ಓಮ, ಇಂಗು, ಶುಂಠಿ ಹಾಕುವುದಕ್ಕೆ ನನ್ನ ಅಡ್ಡಿಯಿಲ್ಲ, ಹೊಟ್ಟೆಗೆ ಹಿತವೆನಿಸುತ್ತದೆ. ಆದರೆ ನೆನೆಸದ ಕಾಳನ್ನು ಇಂಗು ಸರಿಮಾಡುತ್ತದೆಂದು ನಂಬಿ ಕೂರಬೇಡಿ. ಬೇಗ ಬೇಯಲೆಂದು ಅಡಿಗೆ ಸೋಡ ಸುರಿಯುವ ರೂಢಿಯನ್ನು ಬಿಡಿ, ಅದರಿಂದ ಬಿ ಜೀವಸತ್ವ ಕೆಡುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಉಬ್ಬರ ವಾರಗಟ್ಟಲೆ ನಿಂತರೆ, ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ಅದು ಕಾಳಿನ ವಿಷಯವಲ್ಲ. ವೈದ್ಯರ ಬಳಿಗೆ ಹೋಗಿ.

ಪೂರ್ತಿ ಹಸಿಯನ್ನೇ ತಿನ್ನುವೆನೆಂಬವರಿಗೆ

ಅಂಥವರು ಹಿಂದೆಯೂ ಇದ್ದರು. ಗಾಂಧೀಜಿಯವರೇ 1929ರಲ್ಲಿ ಬೇಯಿಸದ ಆಹಾರದ ಪ್ರಯೋಗ ಮಾಡಿದ್ದರು: ಮೊಳೆತ ಗೋಧಿ, ಅರೆದ ಬಾದಾಮಿ, ಹಸಿ ಸೊಪ್ಪು, ನಿಂಬೆಹಣ್ಣು, ಜೇನು. ಅದನ್ನು ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಬರೆದು ಇತರರ ಅನುಭವವನ್ನೂ ಕೇಳಿದರು. ಅದೇ ವರ್ಷ ಆಮಶಂಕೆಯಾಗಿ ಪ್ರಯೋಗವನ್ನು ನಿಲ್ಲಿಸಬೇಕಾಯಿತು. ಸೋತದ್ದನ್ನೂ ಮುಚ್ಚಿಡದೆ ಹೇಳಿದರೆಂಬುದು ನನಗೆ ಆ ಪ್ರಯೋಗದಲ್ಲಿ ಮೆಚ್ಚಿಕೆಯಾದ ಭಾಗ.

ಹಾಲೂ ಇಲ್ಲದೆ ಬೆಂಕಿಯೂ ಇಲ್ಲದೆ 55 ಗ್ರಾಂ ಕೂಡಿಸಲು ಆಗುವುದೇ ಇಲ್ಲವೆಂದಲ್ಲ. ದಿನಕ್ಕೆ ಒಣತೂಕದಲ್ಲಿ 75 ಗ್ರಾಂ ಹೆಸರು ಮೊಳಕೆ ಬರಿಸಿದರೆ 17 ಗ್ರಾಂ. 75 ಗ್ರಾಂ ನೆನೆದ ಕಡಲೆಕಾಯಿ ಬೀಜದಿಂದ 18. ಎಳ್ಳು 30 ಗ್ರಾಂ, ಸೂರ್ಯಕಾಂತಿ ಬೀಜ 30 ಗ್ರಾಂ, ಎರಡರಿಂದ 12. ಸೊಪ್ಪು, ಕಾಯಿತುರಿ, ಹಣ್ಣು, ತರಕಾರಿಯಿಂದ 8. ಮೊತ್ತ 55. ಕಾಗದದ ಮೇಲೆ ಸರಿಹೋಯಿತು. ಎಳ್ಳನ್ನು ಸೇರಿಸಿದ್ದು ಸುಮ್ಮನೆ ಅಲ್ಲ. ಕಾಳಿನಲ್ಲಿ ಕೊರತೆಯಿರುವ ಅಂಶ ಎಳ್ಳಿನಲ್ಲೂ ರಾಗಿಯಲ್ಲೂ ಧಾರಾಳವಾಗಿದೆ, ರಾಗಿ ಅಕ್ಕಿಗಳಲ್ಲಿ ಕಡಮೆಯಾದದ್ದು ಕಾಳಿನಲ್ಲಿದೆ. ಮುದ್ದೆಗೆ ಕಾಳುಸಾರು ಜೊತೆಯಾದದ್ದು ಇದೇ ನ್ಯಾಯದಿಂದ.

ಆದರೆ ಈ ಊಟಕ್ಕೆ ನಾಲ್ಕು ಬಾಳೆಹಣ್ಣು ಸೇರಿಸಿದರೂ ಶಕ್ತಿ ಸುಮಾರು 1,700 ಕ್ಯಾಲರಿ ಮಾತ್ರ. ಕುಳಿತು ಬರೆಯುವವನಿಗೂ ಅದು ಸಾಲದು. ಗುದ್ದಲಿ ಹಿಡಿಯುವವನು ಇದರ ಮೇಲೆ ಇನ್ನೂ ಹತ್ತು ಹದಿನೈದು ಬಾಳೆಹಣ್ಣು ತಿನ್ನಬೇಕು. ಆಮೇಲೆ ಉಬ್ಬರವಾಯಿತೆಂದು ನನ್ನನ್ನು ಕೇಳಬಾರದು. ದಿನವೂ ಇಷ್ಟು ಬೀಜ ಕೊಳ್ಳುವ ಖರ್ಚು ಬೇರೆ. ಮೈಗೆಲಸದವನಿಗೆ ಈ ದಾರಿ ನನ್ನ ಮಟ್ಟಿಗೆ ಸರಿಕಾಣುವುದಿಲ್ಲ. ಗರ್ಭಿಣಿಯರೂ ಮೊಲೆಯೂಡಿಸುವವರೂ ಬೆಳೆಯುವ ಮಕ್ಕಳೂ ಈ ದಾರಿಗೆ ಹೋಗಲೇಬಾರದು.

ಇನ್ನೊಂದು ಮುಖ್ಯ ಸಂಗತಿ. ಹಾಲು ಮೊಸರನ್ನೂ ಬಿಟ್ಟವರಿಗೆ ಬಿ-12 ಎಂಬ ಜೀವಸತ್ವ ಸಿಕ್ಕುವುದಿಲ್ಲ. ಯಾವ ಸೊಪ್ಪು, ಯಾವ ಕಾಳು, ಯಾವ ಮೊಳಕೆಯಲ್ಲೂ ಅದನ್ನು ನೆಚ್ಚುವಂತಿಲ್ಲ. ಅದರ ಕೊರತೆ ಕೂಡಲೆ ತಿಳಿಯದು, ವರ್ಷಗಳ ಮೇಲೆ ಕಾಣಿಸಿಕೊಳ್ಳುತ್ತದೆ: ಕೈಕಾಲು ಜೋಮು ಹಿಡಿಯುವುದು, ನಾಲಗೆ ಉರಿ, ಸುಸ್ತು, ಮರೆವು. ನರಗಳು ಕೆಟ್ಟ ಮೇಲೆ ಪೂರ್ತಿ ಸರಿಯಾಗದೆ ಹೋಗಬಹುದು. ಕರುವಿನ ಪಾಲು ಕರುವಿಗೇ ಇರಲಿ ಎಂಬ ಮನಸ್ಸಿಗೆ ನಾನು ಎದುರಾಡುವುದಿಲ್ಲ. ಅಂಥವರು ವೈದ್ಯರನ್ನು ಕೇಳಿ ಬಿ-12 ಮಾತ್ರೆ ತೆಗೆದುಕೊಳ್ಳಬೇಕು, ಅಷ್ಟೆ.

ಯಜಮಾನರೊಡನೆ ನಾನು ವಾದಕ್ಕೆ ನಿಲ್ಲಲಿಲ್ಲ. ನನ್ನ ತಪ್ಪನ್ನು ಮೊದಲು ಒಪ್ಪಿಕೊಂಡೆ. “ಯಜಮಾನರೆ, ನಾನು ಹೇಳಿದ್ದರಲ್ಲಿ ಹುರಳಿಯ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ” ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಹಿಂದಕ್ಕೆ ತಗೊಳೋದು ನಿಮಗೆ ಸುಲಭ ಕಣಪ್ಪ, ಹೊಟ್ಟೆ ನಂದು” ಎಂದು ನಕ್ಕರು. ಆ ನಗುವಿನಿಂದ ನನಗೆ ಧೈರ್ಯ ಬಂತು. ಕಡೆಗೆ ಅವರು ಒಪ್ಪಿದ್ದು ಹೀಗೆ: ಬೆಳಿಗ್ಗೆ ಹಸಿ ಹೆಸರು ಮೊಳಕೆಯ ಕೋಸಂಬರಿ, ಅದು ಅವರ ಛಲಕ್ಕೆ. ಮಧ್ಯಾಹ್ನ ಮುದ್ದೆ, ಮೊಳಕೆ ಹುರಳಿ ಬೇಯಿಸಿದ ಬಸ್ಸಾರು, ಮೇಲೆ ಹುಚ್ಚೆಳ್ಳಿನ ಚಟ್ನಿ. ಸಂಜೆ ನೆನೆದ ಕಡಲೆಕಾಯಿ ಬೀಜ, ಬೆಲ್ಲ, ಬಾಳೆಹಣ್ಣು. ರಾತ್ರಿ ಮತ್ತೆ ಮುದ್ದೆ, ಸೊಪ್ಪಿಗೆ ತೊಗರಿಬೇಳೆ ಹಾಕಿದ ಸಾರು. ಹಾಲು ಈಗಲೂ ಮುಟ್ಟುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಹೇಳಿದ ಮಾತ್ರೆ ತೆಗೆದುಕೊಳ್ಳುತ್ತಾರೆ. ಮೂರು ವಾರಕ್ಕೆ ಹೊಟ್ಟೆ ಇಳಿಯಿತು. ಐದು ತಿಂಗಳಲ್ಲಿ ಏಳು ಕಿಲೋದಲ್ಲಿ ಐದು ಕಿಲೋ ಹಿಂದಕ್ಕೆ ಬಂದಿದೆ.

ಸೊಸೆಗೆ ಅಂದಿನ ಸಂಜೆಯಿಂದಲೇ ಕಾಳು ಶುರುಮಾಡಿಸಿದೆವು. ಹಬೆಯಲ್ಲಿ ಬೆಂದ ಹೆಸರು ಮೊಳಕೆ ಎರಡು ಚಮಚದಿಂದ ಆರಂಭಿಸಿ, ಬೇಳೆಸಾರನ್ನು ಗಟ್ಟಿಮಾಡಿ, ಹುರಿದ ಕಡಲೆಕಾಯಿ ಬೀಜ ಒಂದು ಹಿಡಿ, ದಿನಕ್ಕೆ ಎರಡು ಲೋಟ ಹಾಲು. ಆರೋಗ್ಯ ಕೇಂದ್ರದವರು ರಕ್ತ ಪರೀಕ್ಷೆ ಮಾಡಿ ಕಬ್ಬಿಣದ ಮಾತ್ರೆಯನ್ನೂ ಕೊಟ್ಟರು. ಹೆರಿಗೆ ಸುಖವಾಗಿ ಆಯಿತು. ಕೂಸು ಎರಡೂ ಮುಕ್ಕಾಲು ಕಿಲೋ ತೂಗಿತು. ಆ ವಿಷಯ ತಿಳಿಸಿದವರು ಯಜಮಾನರೇ, ಸಂತೆಯ ದಿನ ನನ್ನನ್ನು ಹುಡುಕಿಕೊಂಡು ಬಂದು.

ಕಡೆಯದಾಗಿ ಬೀಜದ ವಿಷಯ, ಇದು ನನ್ನ ಸ್ವಂತ ಕಸುಬಿನದು. ಬಿತ್ತನೆಗೆಂದು ತಂದು ಮಿಕ್ಕಿದ ಬೀಜವನ್ನು ಎಂದಿಗೂ ಮೊಳಕೆಗೆ ಬಳಸಬೇಡಿ. ಅದಕ್ಕೆ ಬೂಸ್ಟುನಾಶಕ ಔಷಧ ಸವರಿರುತ್ತಾರೆ. ಗುಲಾಬಿ, ಕೆಂಪು, ಹಸಿರು ಹೀಗೆ ಬಣ್ಣ ಕಾಣುವುದು ಅದಕ್ಕೇ. ತೊಳೆದರೆ ಬಣ್ಣ ಹೋದೀತು, ವಿಷ ಹೋಗುವುದಿಲ್ಲ. ಕೋಳಿಗೂ ಹಾಕಬೇಡಿ. ಹುಳು ಬಾರದಂತೆ ಮಾತ್ರೆ ಇಟ್ಟು ಕೂಡಿಟ್ಟ ಕಾಳನ್ನೂ ಮೊಳಕೆಗೆ ತೆಗೆದುಕೊಳ್ಳಬೇಡಿ. ಮನೆಬಳಕೆಯ ಹೆಸರನ್ನು ನಾಲ್ಕು ದಿನ ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಕಿಲೋ ಒಂದಕ್ಕೆ ಒಂದು ಚಮಚ ಅಡಿಗೆ ಎಣ್ಣೆ ಸವರಿ, ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಇಟ್ಟರೆ ಕಾಳುಹುಳ ಸುಲಭವಾಗಿ ಬೀಳದು. ಎಣ್ಣೆ ಸವರಿದ ಕಾಳೂ ಮೊಳೆಯುತ್ತದೆ. ನೆನೆಸುವ ಮೊದಲು ಬಿಸಿನೀರಲ್ಲಿ ಒಮ್ಮೆ ತೊಳೆಯಿರಿ.

ಎಲ್ಲಕ್ಕಿಂತ ಒಳ್ಳೆಯದು ನಿಮ್ಮ ಹೊಲದ ಹೆಸರು. ಭರಣಿ ಮಳೆಗೆ ಬಿತ್ತಿದರೆ 65ರಿಂದ 70 ದಿನಕ್ಕೆ ಕೈಗೆ ಬರುತ್ತದೆ, ಅದೇ ಹೊಲಕ್ಕೆ ತಡವಾದ ರಾಗಿಯನ್ನೂ ಹಾಕಬಹುದು. ಐದು ಜನದ ಮನೆಗೆ ದಿನಕ್ಕೆ ಐದು ಹಿಡಿಯಂತೆ ವರ್ಷಕ್ಕೆ ಎಪ್ಪತ್ತು ಎಂಬತ್ತು ಕಿಲೋ ಕಾಳು ಬೇಕು. ಅರ್ಧ ಎಕರೆ ಹೆಸರು, ರಾಗಿಯ ನಡುವೆ ಅವರೆ ತೊಗರಿಯ ಅಕ್ಕಡಿ ಸಾಲು, ಇಷ್ಟಿದ್ದರೆ ಮಳೆ ಕೈಕೊಡದ ವರ್ಷ ಆ ಮನೆ ಅಂಗಡಿಯ ಕಾಳಿಗೆ ಹೋಗಬೇಕಾಗಿಲ್ಲ. ಭರಣಿಗೆ ಬೀಜ ಬೇಕಾದವರು ಯುಗಾದಿಗೆ ಮೊದಲು ನನ್ನಲ್ಲಿ ಹೆಸರು ಬರೆಸಿ; ಎಷ್ಟು ಎಕರೆಗೆ ಎಂಬುದನ್ನೂ ತಿಳಿಸಿ.